ಪವರ್ ಸ್ಟೀರಿಂಗ್ ಆಯಿಲ್ ಪೂರ್ತಿ ಖಾಲಿಯಾಗಿ ಗಾಡಿ ಓಡಿದೆಯೇ? ಕೀ ತಿರುಗಿಸುವ ಮುಂಚೆ ನೋಡಬೇಕಾದ್ದು

ಆಗುಂಬೆ ಘಾಟಿ ಇಳಿಯುವಾಗ ನಮ್ಮ ಹಳೆಯ ಡೀಸೆಲ್ ಗಾಡಿ ಕೂಗಲು ಶುರು ಮಾಡಿತು. ಮೊದಲ ಮೂರ್ನಾಲ್ಕು ತಿರುವುಗಳಲ್ಲಿ ಸಣ್ಣಗೆ, ಆಮೇಲೆ ಪ್ರತಿ ತಿರುವಿಗೂ ಜೋರಾಗಿ. ಹಿಂದೆ ಕೂತಿದ್ದ ಅಮ್ಮ "ಏನೋ ಅದು, ಹಸು ಕೂಗಿದ ಹಾಗೆ?" ಎಂದರು. ಮಳೆಗೆ ಬೆಲ್ಟ್ ನೆನೆದಿರಬೇಕು ಅಂದೆ. 14 ತಿರುವು ಮುಗಿದು ಸೋಮೇಶ್ವರ ತಲುಪುವ ಹೊತ್ತಿಗೆ ಸ್ಟೀರಿಂಗ್ ರುಬ್ಬುಗುಂಡಿನಷ್ಟು ಭಾರವಾಗಿತ್ತು. ಬಾನೆಟ್ ತೆರೆದರೆ ಪವರ್ ಸ್ಟೀರಿಂಗ್ ಆಯಿಲ್ ಡಬ್ಬಿಯಲ್ಲಿ ಒಂದು ತೊಟ್ಟೂ ಇಲ್ಲ. ಆಯಿಲ್ ಡಬ್ಬಿಗೆ ವಾಪಸ್ ಬರುವ ರಿಟರ್ನ್ ಪೈಪಿನ ಕ್ಲಿಪ್ ಸಡಿಲವಾಗಿ, ಇದ್ದ ಆಯಿಲೆಲ್ಲ ಘಾಟಿಯುದ್ದಕ್ಕೂ ಸುರಿದುಹೋಗಿತ್ತು.

ಕ್ಲಿಪ್ ಬಿಗಿ ಮಾಡಿದೆ. ಹೆಬ್ರಿಯಿಂದ ಒಂದು ಲೀಟರ್ ಆಯಿಲ್ ತರಿಸಿ ಡಬ್ಬಿ ತುಂಬಿಸಿದೆ. ಖುಷಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ, ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ನಾಲ್ಕು ಸಲ ತಿರುಗಿಸಿದೆ. ಅರ್ಧ ನಿಮಿಷದೊಳಗೆ ಡಬ್ಬಿಯಲ್ಲಿ ಹಾಲು ಜಾಸ್ತಿಯಾದ ಕಾಫಿಯಂಥ ನೊರೆ ಎದ್ದು, ಮುಚ್ಚಳದ ಪಕ್ಕದಿಂದ ಉಕ್ಕಿತು. ಕೂಗು ಮೊದಲಿಗಿಂತ ಜಾಸ್ತಿಯಾಯಿತು.

ಆಮೇಲೆ ಗಾಡಿ ನೋಡಿದ ಹಿರಿಯ ಮೆಕ್ಯಾನಿಕ್ ಹೇಳಿದ್ದು ಇಷ್ಟೇ: "ಆಯಿಲ್ ಹಾಕಿದ್ದು ಸರಿ ಸಾರ್. ಏರ್ ತೆಗೀದೇ ಯಾಕೆ ಸ್ಟಾರ್ಟ್ ಮಾಡಿದ್ರಿ?"

ಆ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಯಿಲ್ ಖಾಲಿಯಾಗಿ ಓಡಿದ ಸ್ಟೀರಿಂಗ್ ಪಂಪು ಅರ್ಧ ಸತ್ತಿರುತ್ತದೆ. ಅದು ಉಳಿಯುವುದೂ ಪೂರ್ತಿ ಸಾಯುವುದೂ ಆಮೇಲೆ ನಾವು ಎಷ್ಟು ಅವಸರ ಮಾಡುತ್ತೇವೆ ಅನ್ನುವುದರ ಮೇಲಿದೆ. ಈ ಕೆಲಸದ ಮುಕ್ಕಾಲು ಭಾಗ ಎಂಜಿನ್ ಆಫ್ ಇದ್ದಾಗಲೇ ನಡೆಯಬೇಕು.

ಮೊದಲು: ಇದು ನಿಮ್ಮ ಗಾಡಿಯ ಕಥೆಯೇ?

ಬಾನೆಟ್ ಎತ್ತಿ, ಸ್ಟೀರಿಂಗ್ ಚಕ್ರದ ಚಿತ್ರವಿರುವ ಮುಚ್ಚಳದ ಸಣ್ಣ ಡಬ್ಬಿ ಹುಡುಕಿ. ಇದ್ದರೆ ನಿಮ್ಮದು ಆಯಿಲ್ ಒತ್ತಡದಿಂದ ಕೆಲಸ ಮಾಡುವ ಸ್ಟೀರಿಂಗ್. ಇಲ್ಲವೇ ಇಲ್ಲ ಎಂದರೆ ಎಲೆಕ್ಟ್ರಿಕ್ ಸ್ಟೀರಿಂಗ್. ಈಚಿನ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಅದೇ ಇರುತ್ತದೆ. ಅದರಲ್ಲಿ ಆಯಿಲ್ ಇಲ್ಲ, ತೆಗೆಯುವ ಗಾಳಿಯೂ ಇಲ್ಲ. ಸ್ಟೀರಿಂಗ್ ಭಾರವಾಗಿ ಮೀಟರ್ ಹತ್ತಿರ ದೀಪ ಬಂದಿದ್ದರೆ ಬ್ಯಾಟರಿ ಮತ್ತು ಫ್ಯೂಸ್ ನೋಡಿ, ಸ್ಕ್ಯಾನರ್ ಇರುವವರ ಹತ್ತಿರ ಹೋಗಿ. ಮುಂದಿನದು ನಿಮಗೆ ಬೇಕಾಗಿಲ್ಲ.

ಆಯಿಲ್ ಇರುವ ಸ್ಟೀರಿಂಗಿನಲ್ಲಿ ಡಬ್ಬಿಯಿಂದ ದಪ್ಪ ಪೈಪೊಂದು ಪಂಪಿಗೆ ಹೋಗುತ್ತದೆ. ಪಂಪನ್ನು ಎಂಜಿನ್ನಿನ ಬೆಲ್ಟ್ ತಿರುಗಿಸುತ್ತದೆ. ಪಂಪಿನಿಂದ ಒತ್ತಡದ ಪೈಪು, ಮುಂದಿನ ಚಕ್ರಗಳನ್ನು ತಿರುಗಿಸುವ ಸ್ಟೀರಿಂಗ್ ರ‍್ಯಾಕ್‌ಗೆ, ಅಲ್ಲಿಂದ ರಿಟರ್ನ್ ಪೈಪು ಮತ್ತೆ ಡಬ್ಬಿಗೆ. ಪಂಪಿನೊಳಗೆ ಒಂದು ಉಕ್ಕಿನ ರೋಟರ್ ಇದೆ. ಅದರ ಸೀಳುಗಳಲ್ಲಿ ತೆಳುವಾದ ಪಟ್ಟಿಗಳು ಹೊರಗೆ ಬಂದು, ಸುತ್ತಲಿನ ಉಂಗುರವನ್ನು ಉಜ್ಜಿಕೊಂಡು ತಿರುಗುತ್ತವೆ. ಪಟ್ಟಿಗೂ ಉಂಗುರಕ್ಕೂ ನಡುವೆ ಇರುವುದು ಅದೇ ಆಯಿಲ್. ಬೇರೆ ಗ್ರೀಸಿಲ್ಲ. ಅಂದರೆ ಒತ್ತಡ ಕೊಡುವುದೂ ಅದೇ, ಸವೆಯದಂತೆ ಕಾಯುವುದೂ ಅದೇ. ಖಾಲಿಯಾದರೆ ಲೋಹ ಲೋಹವನ್ನೇ ತಿನ್ನುತ್ತದೆ.

ಕೈ ಹಾಕುವ ಮುಂಚೆ

ಬಿಸಿ ಎಂಜಿನ್ನಿಗೆ ಕೈ ಹಾಕಬೇಡಿ. ಅರ್ಧ ಗಂಟೆ ಬಿಡಿ. ಈ ಆಯಿಲ್ ಕಾದ ಎಕ್ಸಾಸ್ಟ್ ಪೈಪಿನ ಮೇಲೆ ಬಿದ್ದರೆ ಹೊಗೆ ಏಳುತ್ತದೆ, ಹೊತ್ತಿಕೊಳ್ಳಲೂಬಹುದು. ಚೆಲ್ಲಿದ್ದನ್ನು ಒರೆಸಿಯೇ ಸ್ಟಾರ್ಟ್ ಮಾಡಿ.

ರೇಡಿಯೇಟರ್ ಫ್ಯಾನ್ ಕೆಲವು ಗಾಡಿಗಳಲ್ಲಿ ಎಂಜಿನ್ ಆಫ್ ಆದ ಮೇಲೂ ತಾನಾಗಿ ತಿರುಗುತ್ತದೆ. ದುಪಟ್ಟಾ, ಶಲ್ಯ, ಸಡಿಲ ತೋಳು, ಕೈಗಡಿಯಾರ ಎಲ್ಲ ದೂರ ಇರಲಿ.

ಜಾಕಿಯ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಇಟ್ಟು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಆಮೇಲೆ ಕೆಲಸ.

ಇನ್ನೊಂದು ಮಾತು ಗಟ್ಟಿಯಾಗಿ ನೆನಪಿರಲಿ. ಎಂಜಿನ್ ಓಡುತ್ತಿರುವಾಗ ಲೀಕ್ ಎಲ್ಲಿದೆ ಎಂದು ಪೈಪಿನ ಮೇಲೆ ಬೆರಳಾಡಿಸಬೇಡಿ. ಟಯರಿನಲ್ಲಿ ಎರಡು ಬಾರ್ ಚಿಲ್ಲರೆ ಒತ್ತಡ ಇದ್ದರೆ, ಸ್ಟೀರಿಂಗ್ ಕೊನೆಯವರೆಗೆ ತಿರುಗಿಸಿದಾಗ ಈ ಪೈಪಿನಲ್ಲಿ 70ರಿಂದ 100 ಬಾರ್ ಸುತ್ತ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನಿಂದ ಬಂದ ಆಯಿಲ್ ಚರ್ಮದೊಳಗೆ ನುಗ್ಗಿಬಿಡುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಲೀಕ್ ಹುಡುಕಲು ಉದ್ದದ ರಟ್ಟಿನ ತುಂಡು ಹಿಡಿಯಿರಿ.

"ತಿರುಗಿಸಿದಾಗ ಮಾತ್ರ ಕೂಗುತ್ತೆ"

ಕೂಗಿನಲ್ಲೂ ಎರಡು ಬಗೆ. 'ಕೀಚ್' ಎಂದು ಕಿವಿ ಚುಚ್ಚುವ ಸದ್ದು, ಅದೂ ಸ್ಟೀರಿಂಗ್ ಕೊನೆಗೆ ತಾಗಿದಾಗ ಬಂದರೆ ಅದು ಬೆಲ್ಟ್. ಎಂಜಿನ್ ಆಫ್ ಮಾಡಿ ಬೆಲ್ಟ್ ನೋಡಿ. ಬರೀ ಸಡಿಲವಿದ್ದರೆ ಬಿಗಿ ಮಾಡಿಸಿ. ಬಿರುಕು, ಹೊಳಪು, ಆಯಿಲ್ ಬಿದ್ದ ಗುರುತು ಇದ್ದರೆ ಬೆಲ್ಟ್ ಬದಲಿಸಿ. ಆಯಿಲ್ ಕುಡಿದ ಬೆಲ್ಟನ್ನು ಒರೆಸಿ ಹಾಕಿದರೆ ನಾಲ್ಕು ದಿನ ಸುಮ್ಮನಿದ್ದು ಮತ್ತೆ ಕಿರುಚುತ್ತದೆ.

'ಗುಂಯ್' ಎಂಬ ದಪ್ಪ ಸದ್ದು, ಆಕ್ಸಿಲರೇಟರ್ ಒತ್ತಿದರೆ ಏರುವುದು, ಸ್ಟೀರಿಂಗ್ ತಿರುಗಿಸಿದರೆ ಇನ್ನೂ ಜಾಸ್ತಿಯಾಗುವುದು: ಇದು ಪಂಪು. ಆಯಿಲ್ ಕಡಿಮೆಯಾಗಿದೆ ಅಥವಾ ಆಯಿಲ್ ಜೊತೆ ಗಾಳಿ ಸೇರಿದೆ. ಡಬ್ಬಿಯ ಮಟ್ಟ ನೋಡಿ. ಡಬ್ಬಿಯ ಮೇಲೋ ಮುಚ್ಚಳದ ಕಡ್ಡಿಯ ಮೇಲೋ ತಣ್ಣಗಿದ್ದಾಗ ಎಷ್ಟು, ಬಿಸಿಯಿದ್ದಾಗ ಎಷ್ಟು ಎಂದು ಬೇರೆ ಬೇರೆ ಗೆರೆ ಇರುತ್ತವೆ.

ಮಟ್ಟ ಕೆಳಗಿನ ಗೆರೆಗಿಂತ ಸ್ವಲ್ಪ ಇಳಿದಿದೆ, ಆದರೆ ಆಯಿಲ್ ಇದೆ, ನೊರೆಯಿಲ್ಲ ಎಂದರೆ ನೀವು ಪುಣ್ಯವಂತರು. ಸರಿಯಾದ ಆಯಿಲ್ ತುಂಬಿಸಿ, ಎಲ್ಲಿ ಸೋರಿತು ಎಂದು ಹುಡುಕಿ. ಡಬ್ಬಿ ಪೂರ್ತಿ ಖಾಲಿ ಎಂದರೆ ಎಂಜಿನ್ ಅಲ್ಲೇ ಆಫ್ ಮಾಡಿ, ಮುಂದೆ ಓದಿ.

"ಸ್ಟೀರಿಂಗ್ ಇದ್ದಕ್ಕಿದ್ದಂತೆ ಭಾರವಾಯ್ತು"

ಬ್ಯಾಟರಿ ದೀಪವೂ ಹತ್ತಿದೆಯೇ? ಹಾಗಿದ್ದರೆ ಬೆಲ್ಟ್ ಕಿತ್ತುಹೋಗಿರಬಹುದು. ಎಷ್ಟೋ ಗಾಡಿಗಳಲ್ಲಿ ಡೈನಮೋ, ಸ್ಟೀರಿಂಗ್ ಪಂಪು, ನೀರಿನ ಪಂಪು ಮೂರನ್ನೂ ಒಂದೇ ಬೆಲ್ಟ್ ತಿರುಗಿಸುತ್ತದೆ. ನೀರು ಸುತ್ತದಿದ್ದರೆ ಕೆಲವೇ ನಿಮಿಷದಲ್ಲಿ ಎಂಜಿನ್ ಕಾದು ಅದರ ಹೆಡ್ ರಿಪೇರಿಗೆ ಬರುತ್ತದೆ. ಅಲ್ಲೇ ನಿಲ್ಲಿಸಿ.

ದೀಪ ಇಲ್ಲ, ಬೆಲ್ಟ್ ಇದೆ, ಡಬ್ಬಿ ಖಾಲಿ ಎಂದರೆ ಆಯಿಲ್ ಸೋರಿದೆ. ಗಾಬರಿಯಾಗಬೇಡಿ. ಸ್ಟೀರಿಂಗಿಗೂ ಚಕ್ರಕ್ಕೂ ಇರುವ ಕಬ್ಬಿಣದ ಕೊಂಡಿ ಹಾಗೇ ಇರುತ್ತದೆ, ಗಾಡಿ ತಿರುಗುತ್ತದೆ. ನಿಧಾನವಾಗಿ ಹೋಗುವಾಗ ಮತ್ತು ನಿಲ್ಲಿಸುವಾಗ ಮಾತ್ರ ತೋಳು ನೋಯುವಷ್ಟು ಭಾರ. ಪಕ್ಕಕ್ಕೆ ತೆಗೆದು ನಿಲ್ಲಿಸಲು ಸಾಕು. ಹಾಗೇ ಮನೆವರೆಗೆ ಹೋಗೋಣ ಎನ್ನಬೇಡಿ. ನಾನು ಮಾಡಿದ ಮೊದಲ ತಪ್ಪು ಅದೇ. ಮೂರನೇ ತಿರುವಿನಲ್ಲಿ ನಿಲ್ಲಿಸಬೇಕಿತ್ತು.

"ಆಯಿಲ್ ಎಲ್ಲಿ ಹೋಯ್ತು?"

ಸೋರುವ ಜಾಗ ಸಿಗುವ ತನಕ ಹೊಸ ಆಯಿಲ್ ಹಾಕುವುದೆಂದರೆ ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ. ಖರ್ಚಿಲ್ಲದ ಪರೀಕ್ಷೆ: ಗಾಡಿಯ ಮುಂಭಾಗದ ಕೆಳಗೆ ಹಳೇ ಪೇಪರ್ ಹಾಸಿ ರಾತ್ರಿ ಬಿಡಿ. ಬರೀ ನೀರಾದರೆ ಎಸಿಯದು. ಕಪ್ಪು ಕಂದು ಎಂಜಿನ್ ಆಯಿಲ್. ಕೆಂಪು ಅಥವಾ ನಸುಗೆಂಪು ಜಿಡ್ಡಾದರೆ ಸ್ಟೀರಿಂಗ್ ಆಯಿಲ್ ಇರಬಹುದು. ಆಟೊಮ್ಯಾಟಿಕ್ ಗೇರ್ ಗಾಡಿಯಾದರೆ ಗೇರ್‌ಬಾಕ್ಸಿನದ್ದೂ ಕೆಂಪೇ, ಅದನ್ನೂ ಮನಸ್ಸಿನಲ್ಲಿಡಿ.

ಆಮೇಲೆ ಟಾರ್ಚ್ ಹಿಡಿದು ಡಬ್ಬಿಯಿಂದ ಶುರು ಮಾಡಿ ಕೆಳಗೆ ಬನ್ನಿ. ರಿಟರ್ನ್ ಪೈಪಿನ ಕ್ಲಿಪ್ಪು, ಡಬ್ಬಿಯಿಂದ ಪಂಪಿಗೆ ಹೋಗುವ ಪೈಪು, ಪಂಪಿನ ಪುಲ್ಲಿಯ ಹಿಂಬದಿ, ಒತ್ತಡದ ಪೈಪಿಗೆ ಲೋಹದ ಬಳೆ ಒತ್ತಿರುವ ಜಾಗ. ಕೊನೆಗೆ ರ‍್ಯಾಕ್‌ನ ಎರಡೂ ತುದಿಯ ರಬ್ಬರ್ ಬೂಟ್, ಅಂದರೆ ಮಡಿಕೆ ಮಡಿಕೆಯ ರಬ್ಬರ್ ಕವರ್. ಬೂಟನ್ನು ಕೈಯಲ್ಲಿ ಹಿಚುಕಿ. ಒಳಗೆ ಆಯಿಲ್ ಕುಲುಕಾಡಿದರೆ ರ‍್ಯಾಕಿನ ಸೀಲ್ ಹೋಗಿದೆ. ಇದು ಮನೆಯ ಕೆಲಸವಲ್ಲ. ಸೀಲ್ ಬದಲಿಸಬಹುದೇ, ರ‍್ಯಾಕನ್ನೇ ಬದಲಿಸಬೇಕೇ ಎಂದು ಬಿಚ್ಚಿ ನೋಡಿದವರೇ ಹೇಳಬೇಕು.

ರಿಟರ್ನ್ ಪೈಪಿನಲ್ಲಿ ಒತ್ತಡ ಕಡಿಮೆ. ಆಯಿಲಿಗೆ ತಡೆಯುವ ಹೊಸ ಪೈಪು, ಹೊಸ ಕ್ಲಿಪ್ಪು ಹಾಕಿದರೆ ಮುಗಿಯಿತು. ಒತ್ತಡದ ಪೈಪು ಹಾಗಲ್ಲ. ಕತ್ತರಿಸಿ, ನಡುವೆ ರಬ್ಬರ್ ಸೇರಿಸಿ, ಎರಡು ಕ್ಲಿಪ್ ಬಿಗಿದು "ಆಯ್ತು ಹೋಗಿ" ಎನ್ನುವವರಿದ್ದಾರೆ. ಮೊದಲ ಯು ಟರ್ನ್‌ನಲ್ಲೇ ಕಿತ್ತುಕೊಂಡು, ಆಯಿಲ್ ನೇರ ಎಕ್ಸಾಸ್ಟ್ ಮೇಲೆ ಹೋಗುತ್ತದೆ. ಹೊಸದೇ ಬೇಕು. ಹಳೇ ಗಾಡಿಯ ಪೈಪು ಸಿಗದಿದ್ದರೆ, ಹೈಡ್ರಾಲಿಕ್ ಹೋಸ್‌ಗೆ ಮೆಷಿನ್‌ನಲ್ಲಿ ಬಳೆ ಒತ್ತಿ ಕೊಡುವ ಅಂಗಡಿಗಳಿವೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿದರೆ ದಾರಿ ಸಿಗುತ್ತದೆ. ಹಳೇ ಪೈಪನ್ನು ಜೊತೆಗೆ ಒಯ್ಯಿರಿ, ಬಾಯಲ್ಲಿ ವಿವರಿಸಲು ಹೋಗಬೇಡಿ.

ಲೀಕ್ ನಿಲ್ಲಿಸುವ ಔಷಧಿ ಬಾಟಲಿಗಳ ಬಗ್ಗೆ ಕೇಳುತ್ತೀರಿ, ಗೊತ್ತು. ಅವು ಒಳಗಿನ ರಬ್ಬರನ್ನು ಸ್ವಲ್ಪ ಉಬ್ಬಿಸುತ್ತವೆ. ಗಟ್ಟಿಯಾದ ಹಳೇ ಸೀಲಿನ ಸಣ್ಣ ಜಿನುಗಿಗೆ ಕೆಲವೊಮ್ಮೆ ಆಗುತ್ತದೆ. ಒಡೆದ ಪೈಪಿಗೆ ಆಗುವುದಿಲ್ಲ. ಖಾಲಿಯಾಗಿ ಓಡಿದ ಗಾಡಿಗೆ ನಾನಂತೂ ಹಾಕುವುದಿಲ್ಲ.

"ಡಬ್ಬಿಯಲ್ಲಿ ನೊರೆ ಬರ್ತಿದೆ"

ನೊರೆ ಎಂದರೆ ಗಾಳಿ. ಹೊಸ ಕೆಂಪು ಆಯಿಲ್ ದಾಳಿಂಬೆ ರಸದ ಹಾಗೆ ತಿಳಿಯಾಗಿರಬೇಕು. ಗಾಳಿ ಕಲಸಿದರೆ ನಸುಗೆಂಪಾಗಿ, ಇನ್ನೂ ಕಲಸಿದರೆ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಆಯಿಲನ್ನು ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಹಾಗಾಗಿ ನೊರೆ ತುಂಬಿದ ಪಂಪು ಎಷ್ಟು ತಿರುಗಿದರೂ ಒತ್ತಡ ಏಳುವುದಿಲ್ಲ, ಸ್ಟೀರಿಂಗ್ ಜಗ್ಗಿ ಜಗ್ಗಿ ಬರುತ್ತದೆ. ಗುಳ್ಳೆಗಳು ಒಳಗೆ ಒಡೆದು ಲೋಹವನ್ನೂ ಕೊರೆಯುತ್ತವೆ.

ನೊರೆ ಕಂಡ ತಕ್ಷಣ ಎಂಜಿನ್ ಆಫ್ ಮಾಡಿ. ಒಂದು ಗಂಟೆ ಸುಮ್ನೆ ಬಿಡಿ. ಗುಳ್ಳೆ ತಾನಾಗಿ ಮೇಲೆ ಬರುತ್ತದೆ. ಓಡಿಸುತ್ತಲೇ ಹೋದರೆ ಗಾಳಿ ಹೋಗುತ್ತದೆ ಎನ್ನುವ ಮಾತು ಕೇಳಬೇಡಿ. ಮಜ್ಜಿಗೆ ಕಡೆದಷ್ಟೂ ನೊರೆ ಜಾಸ್ತಿ, ಅಲ್ವಾ? ಇದೂ ಹಾಗೇ.

"ಆಯಿಲ್ ಕಪ್ಪಾಗಿದೆ, ಏನೋ ಮಿನುಗ್ತಿದೆ"

ಪಂಪು ಉಳಿಯುತ್ತದೋ ಇಲ್ಲವೋ ಎಂಬ ತೀರ್ಪು ಇಲ್ಲಿದೆ. ಹೊಸ ಆಯಿಲ್ ಸುರಿದುಬಿಟ್ಟರೆ ಗುರುತು ಅಳಿಸಿಹೋಗುತ್ತದೆ. ಅದಕ್ಕೇ ಸುರಿಯುವ ಮುಂಚೆ ನೋಡಿ.

ಮೆಡಿಕಲ್ ಅಂಗಡಿಯಲ್ಲಿ 50 ಎಂಎಲ್ ಸಿರಿಂಜ್ ಸಿಗುತ್ತದೆ. ಸೂಜಿ ಬೇಡ, ಒಂದಡಿ ಸಣ್ಣ ಪ್ಲಾಸ್ಟಿಕ್ ಟ್ಯೂಬ್ ಸಿಕ್ಕಿಸಿ. ಡಬ್ಬಿಯ ತಳದಲ್ಲಿ ಉಳಿದಿರುವುದನ್ನು ಎಳೆದು ಬಿಳಿ ಸ್ಟೀಲ್ ತಟ್ಟೆಗೆ ಬಿಡಿ. ಮನೆಯಲ್ಲಿ ಮತ್ತೆ ಊಟಕ್ಕೆ ಬಳಸುವ ತಟ್ಟೆ ಬೇಡ, ಬೈಸಿಕೊಳ್ಳುತ್ತೀರಿ. ತಟ್ಟೆಯನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ಓರೆ ಮಾಡಿ.

ನನ್ನ ತಟ್ಟೆಯಲ್ಲಿ ಆವತ್ತು ಕಂಡದ್ದು ಹೀಗೆ. ಆಯಿಲ್ ಒಂದು ಕಡೆ ಜಾರಿದಂತೆ, ಬರಿದಾದ ತಳದಲ್ಲಿ ಹಳೇ ರೇಷ್ಮೆ ಸೀರೆಯ ಜರಿ ಉದುರಿದ ಹಾಗೆ ಸಣ್ಣ ಹೊಳಪು. ಬೆರಳಿಗೆ ತಾಗಿದರೆ ಪುಡಿಯೂ ಗೊತ್ತಾಗದಷ್ಟು ನುಣುಪು. ಮೆಕ್ಯಾನಿಕ್ ಒಂದು ಮ್ಯಾಗ್ನೆಟ್ಟನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಆಯಿಲಿನೊಳಗೆ ಎಳೆದರು. ಹೊರತೆಗೆದಾಗ ಅದಕ್ಕೆ ಬೂದು ಬಣ್ಣದ ಗಡ್ಡ ಬೆಳೆದಿತ್ತು. "ಪಟ್ಟಿ, ರಿಂಗ್ ಎರಡೂ ತಿಂದಿದೆ ಸಾರ್" ಎಂದರು.

ಮ್ಯಾಗ್ನೆಟ್ಟಿಗೆ ಅಂಟುವುದು ಉಕ್ಕು, ಅಂದರೆ ರೋಟರ್, ಪಟ್ಟಿ, ಉಂಗುರದ ಕಡೆಯದು. ಹೊಳೆಯುತ್ತದೆ ಆದರೆ ಅಂಟುವುದಿಲ್ಲ ಎಂದರೆ ಅಲ್ಯೂಮಿನಿಯಂ ಇರಬಹುದು, ಪಂಪಿನ ಮೈಯದು. ಹೊಳಪಿಲ್ಲದ ಕಪ್ಪು ಚೂರು, ಬೆರಳಲ್ಲಿ ಹೊಸೆದರೆ ಮೆತ್ತಗಿದ್ದರೆ ಅದು ಪೈಪಿನ ಒಳಗಿನ ರಬ್ಬರ್. ಪೈಪ್ ಬದಲಿಸುವ ಕಾಲ ಬಂದಿದೆ. ಬೋಂಡಾ ಕರಿದ ಬಾಣಲೆಯ ಸೀದ ವಾಸನೆ ಬಂದರೆ ಆಯಿಲ್ ಸುಟ್ಟಿದೆ.

ಬರೀ ಕಪ್ಪು ಬಣ್ಣ, ಹೊಳಪಿಲ್ಲ ಎಂದರೆ ಹಳೇ ಆಯಿಲ್ ಪೂರ್ತಿ ತೆಗೆದು ನೋಡಬಹುದು, ಪಂಪು ಉಳಿಯುವ ಸಾಧ್ಯತೆ ಚೆನ್ನಾಗಿದೆ. ಮ್ಯಾಗ್ನೆಟ್ಟಿಗೆ ತೆಳುವಾಗಿ ಬೂದು ಸವರಿಕೊಂಡರೆ ಅನುಮಾನದಿಂದಲೇ ಮುಂದುವರಿಯಿರಿ. ಗಡ್ಡ ಬೆಳೆದರೆ ಅಥವಾ ಕಣ್ಣಿಗೆ ಕಾಣುವ ಚೂರು ಇದ್ದರೆ ಪಂಪು ಬದಲಿಸಬೇಕು. ಆಗಲೂ ಮೊದಲು ಪೈಪು, ಡಬ್ಬಿ ಎಲ್ಲ ತೊಳೆದೇ ಹೊಸ ಪಂಪು ಹಾಕಬೇಕು. ಹಳೇ ಪುಡಿ ಒಳಗೆ ಬಿಟ್ಟು ಹೊಸ ಪಂಪು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಯಾವ ಆಯಿಲ್?

ಮುಚ್ಚಳದ ಮೇಲೆ ಬರೆದಿರುತ್ತದೆ, ಇಲ್ಲದಿದ್ದರೆ ಗಾಡಿಯ ಪುಸ್ತಕದಲ್ಲಿ. ಟೊಯೋಟಾ ಇನ್ನೋವಾದಂಥ ಗಾಡಿಗಳಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಕೆಂಪು ಎಟಿಎಫ್, ಡೆಕ್ಸ್ರಾನ್ 2 ಅಥವಾ 3 ದರ್ಜೆಯದು. ಯೂರೋಪಿನ ಹಲವು ಗಾಡಿಗಳಿಗೆ ಹಸಿರು ಬಣ್ಣದ ಹೈಡ್ರಾಲಿಕ್ ಆಯಿಲ್, ಸಿಎಚ್‌ಎಫ್. ಹೋಂಡಾದವರು ತಮ್ಮದೇ ಆಯಿಲ್ ಹೇಳುತ್ತಾರೆ. ಕೆಂಪಿಗೆ ಹಸಿರು ಬೆರೆಸಬೇಡಿ. ಬಣ್ಣ ನೋಡಿ ಕೊಳ್ಳುವುದೂ ಬೇಡ, ಡಬ್ಬದ ಮೇಲಿನ ಹೆಸರು ಓದಿ.

ಬ್ರೇಕ್ ಆಯಿಲ್ ಮಾತ್ರ ಯಾವತ್ತೂ ಹಾಕಬೇಡಿ. ಅದು ಬೇರೆಯೇ ಜಾತಿ, ಸ್ಟೀರಿಂಗಿನ ಸೀಲುಗಳನ್ನು ಹಾಳು ಮಾಡುತ್ತದೆ. ಬ್ರೇಕ್ ಡಬ್ಬಿಗೆ ಸ್ಟೀರಿಂಗ್ ಆಯಿಲ್ ಹಾಕಿದರೆ ಅದಕ್ಕಿಂತ ಅಪಾಯ, ಬ್ರೇಕೇ ಹೋಗಬಹುದು. ಎರಡೂ ಡಬ್ಬಿ ಅಕ್ಕಪಕ್ಕ ಇರುವ ಗಾಡಿಗಳಿವೆ, ಕತ್ತಲಲ್ಲಿ ಸುರಿಯಬೇಡಿ. ಕೈತಪ್ಪಿ ಹಾಗಾದರೆ ಸ್ಟಾರ್ಟ್ ಮಾಡದೆ, ಬ್ರೇಕ್ ತುಳಿಯದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಸಾಮಾನ್ಯ ಕಾರಿನ ಸ್ಟೀರಿಂಗಿನಲ್ಲಿ ಹಿಡಿಯುವುದು ಸುಮಾರು ಒಂದು ಲೀಟರ್. ತೊಳೆಯಲಿಕ್ಕೂ ಸೇರಿ ಎರಡರಿಂದ ಮೂರು ಲೀಟರ್ ತಂದಿಟ್ಟುಕೊಳ್ಳಿ. ಅರ್ಧದಲ್ಲಿ ಆಯಿಲ್ ಮುಗಿದರೆ ಮತ್ತೆ ಗಾಳಿ ಒಳಗೆ ಹೋಗುತ್ತದೆ.

ಹಳೇ ಆಯಿಲ್ ಪೂರ್ತಿ ತೆಗೆಯುವುದು

ಲೀಕ್ ಸರಿಯಾಗಿದೆ ಎಂದುಕೊಳ್ಳೋಣ. ಇಬ್ಬರು ಬೇಕು. ಒಬ್ಬರು ಡಬ್ಬಿ ಹತ್ತಿರ, ಒಬ್ಬರು ಸ್ಟೀರಿಂಗಿನಲ್ಲಿ. ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಚಕ್ರ ನೆಲಕ್ಕೆ ಒತ್ತಿದ್ದರೆ ಎಂಜಿನ್ ಆಫ್‌ನಲ್ಲಿ ತಿರುಗಿಸುವುದು ಜಿಮ್ ಮಾಡಿದ ಹಾಗೆ. ಸ್ಟೀರಿಂಗ್ ಲಾಕ್ ಬಿಡುವಷ್ಟು ಮಾತ್ರ ಕೀ ತಿರುಗಿಸಿ.

ಡಬ್ಬಿಯಲ್ಲಿ ಉಳಿದದ್ದನ್ನು ಸಿರಿಂಜಿನಿಂದ ಎಳೆಯಿರಿ. ಬಿಚ್ಚಲು ಬಂದರೆ ಡಬ್ಬಿ ಬಿಚ್ಚಿ ತಳ ನೋಡಿ. ಹಲವು ಡಬ್ಬಿಗಳ ತಳದಲ್ಲಿ ಸಣ್ಣ ಜಾಲರಿ ಇರುತ್ತದೆ. ಸ್ವಲ್ಪ ಹೊಸ ಆಯಿಲ್ ಹಾಕಿ ಕುಲುಕಿ ಚೆಲ್ಲಿ, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಜಾಲರಿ ಕಟ್ಟಿಕೊಂಡಿದ್ದು ತೊಳೆದರೂ ಬಿಡದಿದ್ದರೆ ಹೊಸ ಡಬ್ಬಿ ಹಾಕುವುದೇ ವಾಸಿ. ಜಾಲರಿ ಕಟ್ಟಿದರೆ ಪಂಪಿಗೆ ಆಯಿಲ್ ಸಾಲದು, ಡಬ್ಬಿ ತುಂಬಿದ್ದರೂ ಕೂಗುತ್ತದೆ.

ಡಬ್ಬಿಗೆ ಬರುವ ಎರಡು ಪೈಪಿನಲ್ಲಿ ಸಾಮಾನ್ಯವಾಗಿ ತೆಳ್ಳಗಿರುವುದು ರಿಟರ್ನ್. ಅದನ್ನು ಕಳಚಿ, ಉದ್ದದ ಟ್ಯೂಬ್ ಸೇರಿಸಿ, ಎರಡು ಲೀಟರಿನ ಖಾಲಿ ನೀರಿನ ಬಾಟಲಿಗೆ ಇಳಿಬಿಡಿ. ಡಬ್ಬಿಯಲ್ಲಿ ತೆರೆದ ಬಾಯಿಗೆ ರಬ್ಬರ್ ಬಿರಡೆ ಹಾಕಿ. ಇದನ್ನು ಮರೆತರೆ ಹಾಕಿದ ಆಯಿಲೆಲ್ಲ ನಿಮ್ಮ ಚಪ್ಪಲಿಗೆ.

ಈಗ ಡಬ್ಬಿ ತುಂಬಿಸಿ. ಒಳಗಿರುವವರು ಸ್ಟೀರಿಂಗನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ತಿರುಗಿಸಲಿ. ರ‍್ಯಾಕಿನೊಳಗಿನ ಪಿಸ್ಟನ್ ಹಳೇ ಆಯಿಲನ್ನು ತಳ್ಳುತ್ತದೆ, ಬಾಟಲಿಗೆ ಜುಳುಜುಳು ಬೀಳುತ್ತದೆ. ಡಬ್ಬಿಯ ಮಟ್ಟ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. "ತುಂಬಿಸ್ತೀನಿ ನಿಲ್ಲು", "ಹ್ಞಾಂ ತಿರುಗಿಸು" ಎಂದು ಹೇಳಿಕೊಂಡೇ ಮಾಡಿ.

ಎಂಜಿನ್ ಎರಡು ಸೆಕೆಂಡ್ ಓಡಿಸಿದರೆ ಬೇಗ ಆಗುತ್ತದೆ ಎಂದು ಕೆಲವರು ಹೇಳುತ್ತಾರೆ. ಆಗುತ್ತದೆ ನಿಜ. ಆದರೆ ಆಕ್ಸಿಲರೇಟರ್ ಒತ್ತದ ಐಡಲ್‌ನಲ್ಲೂ ಪಂಪು ನಿಮಿಷಕ್ಕೆ ಹಲವು ಲೀಟರ್ ಎಳೆಯುತ್ತದೆ. ಸಣ್ಣ ಡಬ್ಬಿ ಕಣ್ಣು ಮಿಟುಕಿಸುವುದರಲ್ಲಿ ಖಾಲಿ. ಒಮ್ಮೆ ಒಣಗಿ ಓಡಿದ ಪಂಪನ್ನು ಮತ್ತೆ ಒಣಗಿಸುವ ಅವಸರ ಯಾಕೆ? ಕೈಯಲ್ಲೇ ತಿರುಗಿಸಿ. ಇಪ್ಪತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಒಂದು ಒಂದೂವರೆ ಲೀಟರ್ ಹೋಗುವ ಹೊತ್ತಿಗೆ ಟ್ಯೂಬಿನಲ್ಲಿ ಹೊಸ ಆಯಿಲಿನ ಬಣ್ಣ ಕಾಣಬೇಕು. ಬಣ್ಣ ಬಂದರೂ ಹೊಳಪು ಬರುತ್ತಲೇ ಇದ್ದರೆ ನಿಲ್ಲಿಸಿ, ಅದು ತೊಳೆದು ಮುಗಿಯುವ ಕೆಲಸವಲ್ಲ. ತಿಳಿಯಾಗಿ ಬಂದರೆ ಬಿರಡೆ ತೆಗೆದು, ರಿಟರ್ನ್ ಪೈಪು ಸಿಕ್ಕಿಸಿ, ಹೊಸ ಕ್ಲಿಪ್ ಹಾಕಿ. ಹಳೇ ಕ್ಲಿಪ್ಪಿನ ಕಥೆ ಮೇಲೆ ಹೇಳಿದೆನಲ್ಲ.

ಗಾಳಿ ತೆಗೆಯುವುದು

ಚಕ್ರ ಇನ್ನೂ ಮೇಲೇ ಇರಲಿ, ಎಂಜಿನ್ ಇನ್ನೂ ಆಫ್. ತಣ್ಣಗಿನ ಗೆರೆಯ ತನಕ ತುಂಬಿಸಿ. ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ನಿಧಾನವಾಗಿ ತಿರುಗಿಸಿ. ಡಬ್ಬಿಯಲ್ಲಿ ಗುಳು ಗುಳು ಎಂದು ಗುಳ್ಳೆ ಏಳುತ್ತವೆ, ಮಟ್ಟ ಇಳಿಯುತ್ತದೆ. ತುಂಬಿಸುತ್ತಾ ಹೋಗಿ. ಹತ್ತು ನಿಮಿಷ ಚಹಾ ಕುಡಿದು ಬಂದು ಇನ್ನೊಮ್ಮೆ ಅಷ್ಟೇ ಸಲ ಮಾಡಿ. ಗುಳ್ಳೆ ನಿಂತು, ಮಟ್ಟ ಇಳಿಯದೆ ನಿಂತಾಗ ಮಾತ್ರ ಎಂಜಿನ್ನಿನ ಸರದಿ.

ಸ್ಟಾರ್ಟ್ ಮಾಡಿ, ಸ್ಟೀರಿಂಗ್ ಮುಟ್ಟದೆ ಕೆಲವು ಸೆಕೆಂಡ್ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ. ಮಟ್ಟ ನೋಡಿ, ಇಳಿದಿದ್ದರೆ ತುಂಬಿಸಿ. ನೊರೆ ಇಲ್ಲದಿದ್ದರೆ ಮತ್ತೆ ಸ್ಟಾರ್ಟ್ ಮಾಡಿ ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಿ. ತುದಿಗೆ ತಾಗಿಸಿ ಹಿಡಿಯಬೇಡಿ. ತುದಿಯಲ್ಲಿ ಹಿಡಿದರೆ ಒತ್ತಡ ಪೂರ್ತಿ ಏರಿ ಆಯಿಲ್ ಕಾಯುತ್ತದೆ. ಯಾವತ್ತೂ ಐದು ಸೆಕೆಂಡಿಗಿಂತ ಜಾಸ್ತಿ ಹಿಡಿಯದಿರುವುದು ಒಳ್ಳೆಯ ಅಭ್ಯಾಸ. ನಡುವೆ ನೊರೆ ಕಂಡರೆ ಆಫ್ ಮಾಡಿ ಒಂದು ಗಂಟೆ ಬಿಡಿ, ಮತ್ತೆ ಶುರು.

ಚಕ್ರ ಇಳಿಸಿ, ಮನೆ ಸುತ್ತ ಒಂದು ಸಣ್ಣ ರೌಂಡ್ ಹೋಗಿ ಬಂದು, ಬಿಸಿಯ ಗೆರೆ ನೋಡಿ.

"ಎಲ್ಲ ಮಾಡಿದೆ, ಆದ್ರೂ ಹಾಗೇ ಇದೆ"

ಕೂಗು, ನೊರೆ ಎರಡೂ ಇವೆ, ಎಲ್ಲೂ ಸೋರುತ್ತಿಲ್ಲ. ಹಾಗಿದ್ದರೆ ಡಬ್ಬಿಗೂ ಪಂಪಿಗೂ ನಡುವಿನ ದಪ್ಪ ಪೈಪನ್ನು ಅನುಮಾನಿಸಿ. ಅಲ್ಲಿ ಪಂಪು ಆಯಿಲನ್ನು ಎಳೆಯುತ್ತಿರುತ್ತದೆ. ಕ್ಲಿಪ್ ಸಡಿಲವಿದ್ದರೆ ಅಥವಾ ಒಳಗಿನ ರಬ್ಬರ್ ರಿಂಗ್ ಗಟ್ಟಿಯಾಗಿದ್ದರೆ ಆಯಿಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಎಂಜಿನ್ ಆಫ್ ಮಾಡಿ ಆ ಜೋಡಣೆಯ ಸುತ್ತ ದಪ್ಪಗೆ ಗ್ರೀಸ್ ಮೆತ್ತಿ, ಮತ್ತೆ ಸ್ಟಾರ್ಟ್ ಮಾಡಿ. ಕೂಗು ಕಡಿಮೆಯಾದರೆ ಕಳ್ಳ ಸಿಕ್ಕ. ಕೆಲವೇ ರೂಪಾಯಿಯ ರಿಂಗಿಗೆ ಪಂಪು ಬದಲಿಸಿದವರನ್ನು ನೋಡಿದ್ದೇನೆ.

ನೊರೆ ಇಲ್ಲ, ಆಯಿಲ್ ತಿಳಿಯಾಗಿದೆ, ಕೂಗು ಮಾತ್ರ ಇದೆ, ನೂರು ಕಿಲೋಮೀಟರ್ ಓಡಿಸಿದರೂ ಹೋಗಿಲ್ಲ. ಪಂಪು ಸವೆದಿದೆ. ಎಂಜಿನ್ ಬಿಸಿಯಾದಾಗ, ಐಡಲ್‌ನಲ್ಲಿ ಗಾಡಿ ತೆಗೆಯುವಾಗ ಭಾರ, ಆಕ್ಸಿಲರೇಟರ್ ಕೊಟ್ಟರೆ ಹಗುರ ಎನ್ನುವುದೂ ಪಂಪನ್ನೇ ತೋರಿಸುತ್ತದೆ. ಗೇಜ್ ಹಾಕಿ ಒತ್ತಡ ಅಳೆಯಲು ಹೇಳಿ, ಊಹೆಯ ಮೇಲೆ ದುಡ್ಡು ಹಾಕಬೇಡಿ.

ಒಂದು ಕಡೆಗೆ ಹಗುರ, ಇನ್ನೊಂದು ಕಡೆಗೆ ಭಾರ ಎಂದರೆ ಪಂಪಿನ ತಪ್ಪಲ್ಲ. ಪಂಪಿಗೆ ಎಡ ಬಲ ಗೊತ್ತಿಲ್ಲ. ರ‍್ಯಾಕಿನ ವಾಲ್ವ್ ಅಥವಾ ಸೀಲ್ ನೋಡಬೇಕು. ಅದಕ್ಕೂ ಮುಂಚೆ ಟಯರಿನ ಗಾಳಿ ಎರಡೂ ಕಡೆ ಸಮವಿದೆಯೇ ನೋಡಿ. ನಗಬೇಡಿ, ಎಷ್ಟೋ ಸಲ ಅಷ್ಟೇ ಇರುತ್ತದೆ.

ಇಲ್ಲಿಗೆ ನಿಮ್ಮ ಕೈ ತೆಗೆಯಿರಿ

ಮ್ಯಾಗ್ನೆಟ್ಟಿಗೆ ಗಡ್ಡ ಬಂದರೆ. ಒತ್ತಡದ ಪೈಪು ಒಡೆದಿದ್ದರೆ. ರ‍್ಯಾಕ್ ಬೂಟಿನಲ್ಲಿ ಆಯಿಲ್ ಇದ್ದರೆ. ಮೂರು ಸಲ ಗಾಳಿ ತೆಗೆದರೂ ನೊರೆ ನಿಲ್ಲದಿದ್ದರೆ. ಕೆಲವು ಗಾಡಿಗಳಿಗೆ ಡಬ್ಬಿಯ ಬಾಯಿಗೆ ವ್ಯಾಕ್ಯೂಮ್ ಪಂಪು ಹಚ್ಚಿಯೇ ಗಾಳಿ ಎಳೆಯಬೇಕು. ಸ್ಟೀರಿಂಗ್ ನಡುವೆ ಸಿಕ್ಕಿಹಾಕಿಕೊಂಡರೆ, ಅಥವಾ ಬಿಟ್ಟಾಗ ತಾನಾಗಿ ಒಂದು ಕಡೆ ತಿರುಗಿದರೆ ಗಾಡಿ ಓಡಿಸಲೇಬೇಡಿ, ಟೋ ಮಾಡಿಸಿ.

ತೆಗೆದ ಹಳೇ ಆಯಿಲನ್ನು ಚರಂಡಿಗೆ, ತೋಟಕ್ಕೆ ಸುರಿಯಬೇಡಿ. ಅದೇ ಬಾಟಲಿಗೆ ಮುಚ್ಚಳ ಹಾಕಿ, ಹಳೇ ಎಂಜಿನ್ ಆಯಿಲ್ ಒಟ್ಟುಮಾಡುವ ಗ್ಯಾರೇಜಿಗೆ ಕೊಡಿ.

ಕೆಲಸ ಮುಗಿದ ದಿನ ಡಬ್ಬಿಯ ಹೊರಗೆ, ಆಯಿಲಿನ ಮಟ್ಟಕ್ಕೆ ಸರಿಯಾಗಿ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಎಳೆದು ತಾರೀಕು ಬರೆಯಿರಿ. ಒಂದು ವಾರ ಪ್ರತಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ನೋಡಿ. ಗೆರೆಯಿಂದ ಒಂದು ಬೆರಳು ಇಳಿದರೂ ಲೀಕ್ ಇನ್ನೂ ಇದೆ. ವಾರ ಕಳೆದ ಮೇಲೆ ಡಬ್ಬಿಯಲ್ಲಿರುವಷ್ಟನ್ನು ಸಿರಿಂಜಿನಿಂದ ತೆಗೆದು ಮತ್ತೆ ತಟ್ಟೆ, ಮ್ಯಾಗ್ನೆಟ್ ಪರೀಕ್ಷೆ ಮಾಡಿ, ಹೊಸದು ತುಂಬಿಸಿ.

ನಮ್ಮ ಗಾಡಿಯ ಡಬ್ಬಿಯ ಮೇಲೆ ಆ ಗೆರೆ ಇನ್ನೂ ಇದೆ. ಪಂಪು ಮಾತ್ರ ಹೊಸದು.